ಯಾರು ನೀವು, ಎಲ್ಲಿಂದ ಬಂದಿರಿ?

ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಪಾತ್ರವೊಂದು ರಂಗಕ್ಕೆ ಬಂದೊಡನೆ ಕಥೆಯೊಳಗೆ ಇಳಿಯುವಂತಿಲ್ಲ. ಅರಸನಿರಲಿ, ರಕ್ಕಸನಿರಲಿ, ಮೊದಲು ಸಾರಥಿಗೆ ಉತ್ತರ ಕೊಡಬೇಕು. ತಾವು ಯಾರು, ಯಾವ ಊರಿನವರು, ಈ ಸಭೆಗೆ ಬಂದ ಕಾರಣವೇನು ಎಂದು ಸಾರಥಿ ಕೇಳುತ್ತಾನೆ. ಪಾತ್ರ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತದೆ. ಅದರ ಮಾತನ್ನು ಹಿಮ್ಮೇಳದವರು ಎತ್ತಿಕೊಂಡು ಹಾಡುತ್ತಾರೆ. ಆಮೇಲೆ ಆಟ.

ಇದೇ ಪ್ರಶ್ನೆ ಇನ್ನೆರಡು ಕಡೆಗಳಲ್ಲೂ ಕೇಳಿಬರುತ್ತದೆ. ಒಂದು, ದೆವ್ವ ಬಿಡಿಸುವವನ ಮುಂದೆ. ಕೂದಲು ಕೆದರಿಕೊಂಡು ಕೂತ ಹೆಣ್ಣುಮಗಳಿಗೆ ಅವನು, "ಯಾರು ನೀ? ಎಲ್ಲಿಂದ ಬಂದಿ? ಏನು ಬೇಕು ನಿನಗ?" ಎಂದು ಗದರಿಸುತ್ತಾನೆ. ಇನ್ನೊಂದು, ಮನೋವೈದ್ಯರ ಕೋಣೆಯಲ್ಲಿ. ಹೆಸರು, ಊರು, ತೊಂದರೆ ಏನು, ಎಷ್ಟು ದಿನದಿಂದ ಎಂದು ಅಲ್ಲಿಯೂ ಕೇಳುತ್ತಾರೆ. ಮೂರು ಕಡೆಯೂ ಪ್ರಶ್ನೆ ಒಂದೇ. ಅದನ್ನು ಯಾರಿಗೆ ಕೇಳಲಾಗುತ್ತದೆ ಎಂಬಲ್ಲಿ ಮಾತ್ರ ವ್ಯತ್ಯಾಸವಿದೆ. ದೆವ್ವ ಬಿಡಿಸುವವನು ಕೇಳುವುದು ಆ ಹೆಣ್ಣುಮಗಳ ಮೈಯಲ್ಲಿ ಸೇರಿಕೊಂಡಿದೆಯೆಂದು ನಂಬಲಾದ ಇನ್ನೊಬ್ಬರನ್ನು. ಗದ್ದಲದ ಆಸ್ಪತ್ರೆಯಲ್ಲಿ ಉತ್ತರ ಹೇಳುವವರು ಹೆಚ್ಚಾಗಿ ಜೊತೆಗೆ ಬಂದ ಗಂಡ, ಅತ್ತೆ ಅಥವಾ ಅಣ್ಣ. ಎದುರಿಗೆ ನಿಂತವರನ್ನೇ ಕೇಳಿ, ಅವರ ಬಾಯಿಂದಲೇ ಉತ್ತರ ಬರುವವರೆಗೆ ಕಾಯುವವನು ಸಾರಥಿಯೊಬ್ಬನೇ.

ಮನಸ್ಸಿನ ಕಾಯಿಲೆಯನ್ನು ರಂಗದ ಮೇಲೆ ತೋರಿಸುವುದು ಹೇಗೆ ಎಂಬ ಪ್ರಶ್ನೆಗೆ ಈ ವ್ಯತ್ಯಾಸದಲ್ಲಿ ಅರ್ಧ ಉತ್ತರವಿದೆ. ಉಳಿದ ಅರ್ಧ ಹಿಮ್ಮೇಳದಲ್ಲಿದೆ.

ಅಮರ್ಜಾದಿಂದ ಭೀಮೆಗೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ನೀರು ಒಂದು ದಾರದಂತೆ ಪೋಣಿಸಿದೆ. ಆಳಂದದ ಕಡೆಯಿಂದ ಬರುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಹರಿದು ಕಟ್ಟಿಸಂಗಾವಿಯ ಸೇತುವೆಯ ಕೆಳಗೆ ಹಾದು ಜೇವರ್ಗಿಯ ಸೀಮೆಯನ್ನು ತೋಯಿಸುತ್ತದೆ. ತೊಗರಿ ಮತ್ತು ಜೋಳದ ಈ ನಾಡಿನಲ್ಲಿ ಮನಸ್ಸು ಕದಡಿದವರನ್ನು ಕರೆದುಕೊಂಡು ಹೋಗುವ ದಾರಿಗಳೂ ಬಹುಮಟ್ಟಿಗೆ ಈ ನೀರಿನ ಗುಂಟವೇ ಇವೆ.

ಗಾಣಗಾಪುರ ದತ್ತ ಸಂಪ್ರದಾಯದ ದೊಡ್ಡ ಕ್ಷೇತ್ರ. ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ಶ್ರೀ ನರಸಿಂಹ ಸರಸ್ವತಿಗಳು 15ನೇ ಶತಮಾನದಲ್ಲಿ ಇಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ನೆಲೆಸಿದ್ದರು. ಮಠದಲ್ಲಿ ಅವರ ನಿರ್ಗುಣ ಪಾದುಕೆಗಳಿಗೆ ಪೂಜೆ ಸಲ್ಲುತ್ತದೆ. ಅವರ ಚರಿತೆಯನ್ನು ಹೇಳುವ ಮರಾಠಿಯ 'ಗುರುಚರಿತ್ರೆ'ಯಲ್ಲಿ, ಗುರುಗಳು ಊರಿಗೆ ಬಂದಾಗ ಪಾಳುಮನೆಯ ಹತ್ತಿರದ ಅರಳಿ ಮರದಲ್ಲಿದ್ದ ಬ್ರಹ್ಮರಾಕ್ಷಸನಿಗೆ ಮುಕ್ತಿ ಕೊಟ್ಟ ಪ್ರಸಂಗವಿದೆ. ಗಾಳಿ, ಸೋಕು, ಮಾಟ ಎಂದು ನಂಬಲಾದ ಬಾಧೆಗಳಿಗೆ ಇಲ್ಲಿ ಪರಿಹಾರ ಸಿಗುತ್ತದೆಂಬ ನಂಬಿಕೆಯ ಬೇರು ಅಷ್ಟು ಹಳೆಯದು. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳಿಂದ ಜನ ಬರುತ್ತಾರೆ. ಸಂಗಮದಲ್ಲಿ ಮಿಂದು, ಐದು ಮನೆಗಳಲ್ಲಿ ಮಧುಕರಿ ಬೇಡಿ, ದಿನಗಟ್ಟಲೆ, ವಾರಗಟ್ಟಲೆ ಉಳಿಯುತ್ತಾರೆ. ಆರತಿಯ ಗಂಟೆ, ನಗಾರಿಗಳ ಸದ್ದಿಗೆ ಕೆಲವರು ಕಿರುಚುತ್ತಾರೆ, ಹೊರಳಾಡುತ್ತಾರೆ, ಕಂಬ ಹತ್ತುತ್ತಾರೆ. ಆರತಿ ಮುಗಿಯುತ್ತಿದ್ದಂತೆ ಅವರಲ್ಲಿ ಹಲವರು ಎದ್ದು ಸೆರಗು ಸರಿಪಡಿಸಿಕೊಂಡು ತಮ್ಮವರ ಪಕ್ಕದಲ್ಲಿ ಕೂಡುತ್ತಾರೆ.

ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ ಇದೆ. ಹಿಂದೂ, ಮುಸ್ಲಿಮ್ ಎಂಬ ಭೇದವಿಲ್ಲದೆ ಜನ ಹರಕೆ ಹೊತ್ತು ಅಲ್ಲಿಗೂ ಹೋಗುತ್ತಾರೆ. ಮನೆಯಲ್ಲಿ ಒಬ್ಬರಿಗೆ 'ತೆಲಿ ಸರಿ ಇಲ್ಲ' ಎಂದಾದಾಗ ಗುರುವಾರ ಗಾಣಗಾಪುರ, ಶುಕ್ರವಾರ ದರ್ಗಾ, ನಡುವೆ ಒಂದು ದಿನ ಕಲಬುರಗಿಯ ದವಾಖಾನೆ ಎಂದು ಅಲೆಯುವ ಸಂಸಾರಗಳಿಗೆ ಇವು ಒಂದಕ್ಕೊಂದು ವಿರುದ್ಧವಾದ ದಾರಿಗಳೆಂದು ಅನ್ನಿಸುವುದಿಲ್ಲ.

ಹೊರಗಿನವರು ಇಂಥ ಸ್ಥಳಗಳಲ್ಲಿ ನೋಡುವುದು ಕಿರುಚಾಟವನ್ನು. ಅದು ಕಣ್ಣಿಗೆ ಹೊಡೆಯುವಂಥದು, ಛಾಯಾಚಿತ್ರಕ್ಕೆ ಒದಗುವಂಥದು. ಕಣ್ಣಿಗೆ ಬೀಳದೆ ಹೋಗುವುದು ಉಳಿದ ಇಪ್ಪತ್ತಮೂರು ಗಂಟೆ. ಆಗ ಮಗಳ ತಲೆ ಬಾಚುವ ತಾಯಿ, ಒಂದೇ ಒಲೆಯ ಮೇಲೆ ಸರದಿಯಲ್ಲಿ ರೊಟ್ಟಿ ಬೇಯಿಸಿಕೊಳ್ಳುವ ಹೆಂಗಸರು, "ನನ್ನ ಮಗಳಿಗೂ ಹಿಂಗೇ ಆಗಿತ್ತವಾ, ಈಗ ಚಂದ ಇದ್ದಾಳ" ಎಂಬ ಸಮಾಧಾನ ಇವೆಲ್ಲ ಇರುತ್ತವೆ. ಇಲ್ಲಿಗೆ ಒಬ್ಬರೇ ಬರುವವರು ಕಡಿಮೆ. ಬಂದವರಿಗೆ ತಮ್ಮಂಥವರೇ ನೂರು ಜನ ಸಿಗುತ್ತಾರೆ.

ಇದಕ್ಕೆ ಬೆಲೆ ಇದೆಯೇ? ನಿಮ್ಹಾನ್ಸ್ ಸಂಸ್ಥೆಯ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದಿದ್ದ 31 ಮನೋರೋಗಿಗಳನ್ನು ಗಮನಿಸಿ 2002ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬರೆದರು. ಅಲ್ಲಿ ಔಷಧವಿರಲಿಲ್ಲ, ವಿಶೇಷ ವಿಧಿಗಳೂ ಇರಲಿಲ್ಲ. ಗುಡಿಯ ಸಣ್ಣಪುಟ್ಟ ಕೆಲಸ, ಮನೆಯವರ ಜೊತೆ ವಾಸ, ಹೆದರಿಕೆ ಇಲ್ಲದ ವಾತಾವರಣ ಇಷ್ಟೇ. ಆದರೂ ಕಾಯಿಲೆಯ ಲಕ್ಷಣಗಳ ಅಳತೆಯಲ್ಲಿ ಸುಮಾರು ಶೇ 20ರಷ್ಟು ಇಳಿಕೆ ಕಂಡಿತು. ಗುಡಿಯೇ ಆಸ್ಪತ್ರೆ ಎಂದು ಇದರ ಅರ್ಥವಲ್ಲ. ಹೆದರಿಸದ ನೆರೆ ಸಿಕ್ಕರೆ ಮನಸ್ಸು ಒಂದಿಷ್ಟು ತಾನಾಗಿ ಚೇತರಿಸಿಕೊಳ್ಳುತ್ತದೆ ಎಂದಷ್ಟೇ ಅದು ಹೇಳುತ್ತದೆ.

ನಾಣ್ಯದ ಇನ್ನೊಂದು ಮುಖವನ್ನು ಅದರ ಹಿಂದಿನ ವರ್ಷವೇ ದೇಶ ಕಂಡಿತ್ತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನ ಖಾಸಗಿ ಆಶ್ರಯಮನೆಯೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಿಗಿದಿದ್ದ 28 ಮನೋರೋಗಿಗಳು ಸುಟ್ಟು ಸತ್ತರು. ಓಡಿಹೋಗಲು ಅವರಿಗೆ ಕಾಲಿದ್ದವು, ಬಿಡುವಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾವ ರೂಪದಲ್ಲಿಯೂ ಸರಪಳಿ ಹಾಕುವುದನ್ನು ನಿಷೇಧಿಸಿದೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವುದನ್ನು, ಹಿಂಸಿಸುವುದನ್ನು ಕರ್ನಾಟಕ ತಂದ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆಯೂ ಅಪರಾಧವೆನ್ನುತ್ತದೆ.

ರಂಗದ ಮೇಲಿನ ಹುಚ್ಚ

ಇನ್ನು ರಂಗದ ಕಡೆ ನೋಡೋಣ. ಹುಚ್ಚನ್ನು ಅಭಿನಯಿಸುವ ಕ್ರಮವನ್ನು ನಮ್ಮಲ್ಲಿ ಮೊದಲು ಬರೆದಿಟ್ಟವನು ಭರತ. ನಾಟ್ಯಶಾಸ್ತ್ರದ 33 ವ್ಯಭಿಚಾರಿ ಭಾವಗಳಲ್ಲಿ 'ಉನ್ಮಾದ' ಒಂದು. ಅದಕ್ಕೆ ಅವನು ಕೊಡುವ ಕಾರಣಗಳು ಇಂದಿಗೂ ಆಲೋಚಿಸುವಂತಿವೆ: ಪ್ರಿಯರ ಅಗಲಿಕೆ, ಸಂಪತ್ತಿನ ನಾಶ, ಪೆಟ್ಟು, ವಾತ ಪಿತ್ತ ಕಫಗಳ ಪ್ರಕೋಪ. ಅಂದರೆ ಬದುಕಿನ ಹೊಡೆತ ಮತ್ತು ದೇಹದ ಏರುಪೇರು ಎರಡೂ ಅವನ ಲೆಕ್ಕದಲ್ಲಿದ್ದವು. ಲಕ್ಷಣಗಳನ್ನೂ ಪಟ್ಟಿ ಮಾಡಿದ್ದಾನೆ. ಕಾರಣವಿಲ್ಲದೆ ನಗುವುದು, ಅಳುವುದು, ಅಸಂಬದ್ಧ ಮಾತು, ಓಡುವುದು, ಹಾಡುವುದು, ಬೂದಿ ಬಳಿದುಕೊಳ್ಳುವುದು, ಚಿಂದಿ ಮತ್ತು ಒಡೆದ ಮಡಕೆಯ ಚೂರುಗಳನ್ನು ಧರಿಸುವುದು. ನಟನಿಗೆ ಇದು ಕೈಪಿಡಿ. ಎರಡು ಸಾವಿರ ವರ್ಷಗಳಲ್ಲಿ ಕಾರಣಗಳು ಮರೆತುಹೋಗಿ ಲಕ್ಷಣಗಳು ಮಾತ್ರ ರಂಗದ ಮೇಲೆ ಉಳಿದುಕೊಂಡವು. ಜಾತ್ರೆಯ ನಾಟಕದಲ್ಲಿ ಹರಕು ಅಂಗಿ, ಕೆದರಿದ ಕೂದಲು, ಅಕಾರಣ ನಗೆ ಇಷ್ಟು ಕಂಡರೆ ಸಾಕು, ಹುಚ್ಚನ ಪಾತ್ರ ಬಂತೆಂದು ಪ್ರೇಕ್ಷಕ ನಗಲು ಸಿದ್ಧನಾಗುತ್ತಾನೆ.

ಹಳೆಯ ನಾಟಕಕಾರರು ಇದಕ್ಕಿಂತ ಸೂಕ್ಷ್ಮವಾಗಿದ್ದರು. ಕಾಳಿದಾಸನ 'ವಿಕ್ರಮೋರ್ವಶೀಯ'ದ ನಾಲ್ಕನೆಯ ಅಂಕದಲ್ಲಿ ಊರ್ವಶಿಯನ್ನು ಕಳೆದುಕೊಂಡ ಪುರೂರವ ಕಾಡಿನಲ್ಲಿ ನವಿಲನ್ನು, ಕೋಗಿಲೆಯನ್ನು, ಹಂಸವನ್ನು, ಆನೆಯನ್ನು ಕೇಳುತ್ತ ಅಲೆಯುತ್ತಾನೆ. ಯಾವುದೂ ಉತ್ತರ ಕೊಡುವುದಿಲ್ಲ. ಅವನ ಉನ್ಮಾದದ ಕರುಣೆ ಇರುವುದು ಈ ಮೌನದಲ್ಲಿ. ಪಲ್ಲವರ ದೊರೆ ಮಹೇಂದ್ರವರ್ಮ 7ನೇ ಶತಮಾನದಲ್ಲಿ ಬರೆದ 'ಮತ್ತವಿಲಾಸ ಪ್ರಹಸನ'ದಲ್ಲಿಯೂ ಒಬ್ಬ ಉನ್ಮತ್ತನಿದ್ದಾನೆ. ಕಳೆದುಹೋದ ಕಪಾಲಕ್ಕಾಗಿ ಕಾಪಾಲಿಕನೂ ಬೌದ್ಧ ಭಿಕ್ಷುವೂ ಜಗಳವಾಡುತ್ತಿರುವಾಗ, ನಾಯಿಯ ಬಾಯಿಂದ ಅದನ್ನು ಕಸಿದುಕೊಂಡು ಇಟ್ಟುಕೊಂಡವನು ಆ ಹುಚ್ಚನೇ. ಬುದ್ಧಿವಂತರ ಜಗಳ ಬಗೆಹರಿಯುವುದು ಅವನಿಂದ. ಆದರೂ ಅವನು ಯಾರು, ಎಲ್ಲಿಂದ ಬಂದ ಎಂಬುದು ನಾಟಕಕ್ಕೆ ಬೇಕಿಲ್ಲ.

ಕಲಬುರಗಿ ಸೀಮೆಗೆ ಮರಾಠಿ ರಂಗಭೂಮಿ ಹತ್ತಿರದ ನೆರೆ. ರಾಮ ಗಣೇಶ ಗಡಕರಿಯ 'ಏಕಚ ಪ್ಯಾಲಾ' 1919ರಲ್ಲಿ ಗಂಧರ್ವ ನಾಟಕ ಮಂಡಳಿಯಿಂದ ರಂಗಕ್ಕೆ ಬಂತು. ವಕೀಲ ಸುಧಾಕರ ಒಂದೇ ಒಂದು ಪ್ಯಾಲೆಯಿಂದ ಕುಡಿತಕ್ಕೆ ಬಿದ್ದು ಸಂಸಾರವನ್ನು ನಾಶಮಾಡುವ ಕಥೆ ಅದು. ಬಾಲಗಂಧರ್ವ ಅವನ ಹೆಂಡತಿ ಸಿಂಧುವಾಗಿ ಪ್ರೇಕ್ಷಕರನ್ನು ಅಳಿಸಿದರು. ಆ ನಾಟಕದಲ್ಲಿ ತಳೀರಾಮ ಎಂಬವನು ಕಟ್ಟಿದ ಕುಡುಕರ ಸಂಘವೊಂದಿದೆ, 'ಆರ್ಯ ಮದಿರಾ ಮಂಡಳ'. ಒಂದೇ ಚಟದವರು ಕೂಡಿ ಒಬ್ಬರನ್ನೊಬ್ಬರು ಇನ್ನಷ್ಟು ಆಳಕ್ಕೆ ಎಳೆಯುವ ಕೂಟ ಅದು. ಒಂದೇ ಕಷ್ಟದವರು ಕೂಡಿ ಒಬ್ಬರನ್ನೊಬ್ಬರು ಮೇಲೆತ್ತಬಹುದು ಎಂಬ ಯೋಚನೆ ಅಂದಿನ ರಂಗಕ್ಕೆ ಹೊಳೆದಿರಲಿಲ್ಲ.

ಕನ್ನಡದಲ್ಲಿ ಹುಚ್ಚನೆನಿಸಿಕೊಂಡವನನ್ನು ನಾಯಕನಾಗಿಸಿದ ದೊಡ್ಡ ನಾಟಕ ಗಿರೀಶ ಕಾರ್ನಾಡರ 'ತುಘಲಕ್' (1964). ಕಲಬುರಗಿಗೂ ಆ ದೊರೆಗೂ ಇತಿಹಾಸದ ನಂಟಿದೆ. ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದವರು 1347ರಲ್ಲಿ ಸ್ಥಾಪಿಸಿದ ಬಹಮನಿ ರಾಜ್ಯಕ್ಕೆ ಕಲಬುರಗಿಯೇ ರಾಜಧಾನಿಯಾಯಿತು. ನಾಟಕದ ತುಘಲಕ್ ಲಕ್ಷಣಗಳ ಪಟ್ಟಿಯಲ್ಲ. ಅವನಿಗೆ ಆದರ್ಶವಿದೆ, ಅವಸರವಿದೆ, ನಿದ್ದೆ ಮಾತ್ರ ಇಲ್ಲ. ಕೊನೆಯಲ್ಲಿ ಉಳಿದ ಒಬ್ಬ ಸಂಗಾತಿ ಬರನಿಯೂ ಅಪ್ಪಣೆ ಕೇಳಿ ಹೊರಟುಹೋಗುತ್ತಾನೆ. ಸಿಂಹಾಸನದ ಮೇಲೆ ಕೂತಲ್ಲೇ ನಿದ್ದೆ ಹೋದ ದೊರೆ ಎಚ್ಚೆತ್ತಾಗ ತಾನೆಲ್ಲಿದ್ದೇನೆಂದು ತಿಳಿಯದೆ ನೋಡುತ್ತಾನೆ. ನಾಟಕ ಅಲ್ಲಿಗೆ ಮುಗಿಯುತ್ತದೆ.

ಪುರೂರವನಿಂದ ತುಘಲಕನವರೆಗೆ ಒಂದು ಎಳೆ ಕಾಣುತ್ತದೆ. ಕೆಳದರ್ಜೆಯ ರಂಗ ಹುಚ್ಚನನ್ನು ನಗೆಗೆ ಬಳಸಿತು. ಮೇಲುದರ್ಜೆಯ ರಂಗ ಅವನನ್ನು ದುರಂತಕ್ಕೆ ಬಳಸಿತು. ಎರಡರಲ್ಲಿಯೂ ಅವನು ಒಂಟಿ. ಗಾಣಗಾಪುರದ ಕಟ್ಟೆಯ ಮೇಲೆ ದಿನವೂ ಕಾಣುವ ಆ ಪಕ್ಕದ ವ್ಯಕ್ತಿ, ತಲೆ ಬಾಚುವವಳು, "ನನಗೂ ಹಿಂಗೇ ಆಗಿತ್ತು" ಎನ್ನುವವಳು, ರಂಗಕ್ಕೆ ಬರಲೇ ಇಲ್ಲ.

ಸಮದುಃಖಿಗಳ ಆಸರೆ

ಅದೇ ನೋವು ಉಂಡವರು ಒಬ್ಬರಿಗೊಬ್ಬರು ಆಸರೆಯಾಗುವುದು ವೈದ್ಯಲೋಕದಲ್ಲಿ ಈಗ ಒಪ್ಪಿತವಾದ ಕ್ರಮ. ಅದರ ಸುಳಿವು ಹಳೆಯದು. 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯ ಮೇಲ್ವಿಚಾರಕ ಪ್ಯುಸ್ಸೆಂ, ಗುಣಮುಖರಾದ ರೋಗಿಗಳನ್ನೇ ಶುಶ್ರೂಷೆಗೆ ನೇಮಿಸಿಕೊಳ್ಳುತ್ತಿದ್ದ. ಅವರು ಹೊಡೆಯುವುದಿಲ್ಲ ಎಂಬುದು ಅದಕ್ಕೆ ಕಾರಣ. ಅಲ್ಲಿನ ಸರಪಳಿಗಳನ್ನು ಬಿಚ್ಚಿಸಿದವನೂ ಅವನೇ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಕುಡಿತ ಬಿಡಲು ಹೆಣಗುತ್ತಿದ್ದ ಒಬ್ಬ ಷೇರು ವ್ಯವಹಾರಿ ಮತ್ತು ಒಬ್ಬ ಶಸ್ತ್ರವೈದ್ಯ ಎದುರುಬದುರು ಕೂತು ಮಾತಾಡಿದ್ದರಿಂದ 'ಆಲ್ಕೊಹಾಲಿಕ್ಸ್ ಅನಾನಿಮಸ್' ಹುಟ್ಟಿತು. ಉಪದೇಶಕ್ಕೆ ಬಗ್ಗದ ಕುಡುಕ ಇನ್ನೊಬ್ಬ ಕುಡುಕನ ಮಾತಿಗೆ ಬಗ್ಗುತ್ತಾನೆಂಬುದು ಅವರು ಕಂಡುಕೊಂಡ ಸತ್ಯ. ತಳೀರಾಮನ ಮಂಡಳವನ್ನು ತಿರುವಿ ಹಾಕಿದಂತೆ ಇದು. 1987ರಲ್ಲಿ ನೆದರ್‌ಲ್ಯಾಂಡ್ಸಿನ ಮನೋವೈದ್ಯ ಮಾರಿಯಸ್ ರೊಮ್ಮೆ ತನ್ನ ರೋಗಿಯೊಬ್ಬಳ ಜೊತೆ ದೂರದರ್ಶನದಲ್ಲಿ ಕಾಣಿಸಿಕೊಂಡು, ಇಲ್ಲದ ದನಿಗಳು ಕಿವಿಗೆ ಕೇಳುವವರು ಸಂಪರ್ಕಿಸಬೇಕೆಂದು ಕೋರಿದ. ನೂರಾರು ಜನ ಕರೆ ಮಾಡಿದರು. ದನಿ ಕೇಳುವವರು ತಮ್ಮತಮ್ಮಲ್ಲೇ ಸೇರಿ ಮಾತಾಡುವ ಕೂಟಗಳು ಅಲ್ಲಿಂದ ಹಲವು ದೇಶಗಳಿಗೆ ಹರಡಿದವು.

ಭಾರತದ ಅನುಭವ ಇದಕ್ಕಿಂತ ಸ್ವಲ್ಪ ಬೇರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಹಾಸಿಗೆಯೂ ಸಾಲದೆ, ಸಿಬ್ಬಂದಿಯೂ ಸಾಲದೆ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಮನೆಯವರನ್ನೇ ಜೊತೆಗೆ ಇರಿಸಿಕೊಂಡರು. ಒಂದು ಡೇರೆಯವರು ಇನ್ನೊಂದು ಡೇರೆಯವರ ಕಷ್ಟಸುಖ ಕೇಳಿದರು. ರೋಗ ಗುಣವಾಗುತ್ತದೆಂಬ ಭರವಸೆ ವೈದ್ಯರ ಬಾಯಿಂದ ಬಂದುದಕ್ಕಿಂತ ಬೇಗ ಪಕ್ಕದ ಡೇರೆಯಿಂದ ಬಂತು. ಗುಜರಾತಿನ ಮೆಹಸಾಣಾ ಜಿಲ್ಲೆಯ ಮೀರಾ ದಾತಾರ್ ದರ್ಗಾದ ಬಳಿ 'ದವಾ ಮತ್ತು ದುವಾ' ಎಂಬ ಯೋಜನೆ ನಡೆಯಿತು. ಹರಕೆಗೆ ಬಂದವರನ್ನು ದರ್ಗಾದವರೇ ಮನೋವೈದ್ಯರ ಬಳಿಗೂ ಕಳಿಸುವ ಏರ್ಪಾಡು ಅದು. ಅದೇ ಜಿಲ್ಲೆಯ 'ಆತ್ಮೀಯತಾ' ಯೋಜನೆಯಲ್ಲಿ ಹಳ್ಳಿಯ ಸ್ವಯಂಸೇವಕರು ಬೇಸತ್ತ ನೆರೆಯವರ ಮನೆಗೆ ಹೋಗಿ ಕೂತು ಮಾತು ಕೇಳುತ್ತಾರೆ.

ಕರ್ನಾಟಕದ ಪಾಲೂ ಸಣ್ಣದಲ್ಲ. ಮಾನಸಿಕ ಆರೋಗ್ಯವನ್ನು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಳಿಸುವ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಪ್ರಯೋಗಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಗಲ್ಲು. 2022ರ ಅಕ್ಟೋಬರ್ 10ರಿಂದ 'ಟೆಲಿ ಮಾನಸ್' ಎಂಬ ಉಚಿತ ದೂರವಾಣಿ ಸೇವೆ 14416 ಸಂಖ್ಯೆಯಲ್ಲಿ ನಡೆದಿದೆ. ಹಾಗಿದ್ದರೂ ಅಂತರ ದೊಡ್ಡದು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ತುಸು ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹೊರಗೇ ಇದ್ದಾರೆ. ನಿಮ್ಹಾನ್ಸ್ ಇರುವ ಬೆಂಗಳೂರು ಭೀಮಾತೀರದಿಂದ ಸುಮಾರು 600 ಕಿ.ಮೀ. ದೂರ.

ದೂರ ಕಿಲೋಮೀಟರುಗಳಲ್ಲಷ್ಟೇ ಇಲ್ಲ. ಮದುವೆಯಾಗಬೇಕಾದ ಮಗಳನ್ನು 'ತೆಲಿ ದವಾಖಾನಿ'ಗೆ ಕರೆದೊಯ್ದರೆ ಸಂಬಂಧ ಮುರಿಯುತ್ತದೆಂಬ ಹೆದರಿಕೆ ಇದೆ. ದೇವರ ಹೆಸರಿನಲ್ಲಿ ಗಾಣಗಾಪುರಕ್ಕೆ ಹೋಗಿಬಂದರೆ ಯಾರೂ ಹೆಸರಿಡುವುದಿಲ್ಲ. ಕಾಯಿಲೆಯ ಕಳಂಕವನ್ನು ದೆವ್ವ ಹೊತ್ತುಕೊಳ್ಳುತ್ತದೆ, ಹುಡುಗಿ ನಿರ್ದೋಷಿಯಾಗುತ್ತಾಳೆ. ದೆವ್ವದ ಭಾಷೆ ಅಜ್ಞಾನದಿಂದಷ್ಟೇ ಉಳಿದದ್ದಲ್ಲ. ಬೇರೆ ಯಾವ ಭಾಷೆಯೂ ಕೊಡದ ಒಂದು ಮರ್ಯಾದೆಯನ್ನು ಅದು ಕೊಡುತ್ತದೆ. ನಾಟಕ ಕಟ್ಟುವವರು ಈ ಸಂಗತಿಯನ್ನು ಮೊದಲು ತಿಳಿಯಬೇಕು. "ದೆವ್ವವಿಲ್ಲ, ಅದು ರೋಗ" ಎಂದು ಬೀದಿಯಲ್ಲಿ ಕೂಗಿ ಹೋಗುವ ನಾಟಕ, ಆ ಹುಡುಗಿಗಿದ್ದ ಮರೆಯನ್ನು ಕಿತ್ತುಕೊಂಡು ಅವಳನ್ನು ಬಯಲಿನಲ್ಲಿ ನಿಲ್ಲಿಸುತ್ತದೆ.

ಹಿಮ್ಮೇಳದ ಕೆಲಸ

ಈ ಮೂರು ತಾಲ್ಲೂಕುಗಳ ಸಂಪ್ರದಾಯದಲ್ಲೇ ಇದಕ್ಕೆ ಬೇಕಾದ ಸಾಮಗ್ರಿ ಇದೆ. ತತ್ವಪದಕಾರರಲ್ಲಿ ಹೆಸರಾದ ಕಡಕೋಳ ಮಡಿವಾಳಪ್ಪ ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ. ನೆಲೆನಿಂತ ಕಡಕೋಳ ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿತ್ತು, ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಅವನ ಶಿಷ್ಯರಲ್ಲಿ ಚೆನ್ನೂರು ಜಲಾಲ ಸಾಹೇಬನೂ ಇದ್ದ, ಖೈನೂರು ಕೃಷ್ಣಪ್ಪನೂ ಇದ್ದ. ಈ ಪರಂಪರೆಯ ಪದಗಳನ್ನು ಇಂದಿಗೂ ಹಳ್ಳಿಗಳಲ್ಲಿ ರಾತ್ರಿ ಭಜನೆಗೆ ಕೂತವರು ಹಾಡುತ್ತಾರೆ. ಭಜನೆಯ ಕ್ರಮ ಸರಳ. ಒಬ್ಬರು ಒಂದು ಸಾಲು ಎತ್ತುತ್ತಾರೆ, ಸುತ್ತ ಕೂತವರು ಅದನ್ನೇ ಮತ್ತೆ ಹಾಡುತ್ತಾರೆ. ಎತ್ತಿದವರ ದನಿ ನಡುಗಿದರೆ ಗುಂಪಿನ ದನಿ ಹಿಡಿದು ನಿಲ್ಲಿಸುತ್ತದೆ. ಹಾಡುವವರಾರು, ಕೇಳುವವರಾರು ಎಂಬ ಗೆರೆ ಅಲ್ಲಿಲ್ಲ.

ಸಮದುಃಖಿಗಳ ಕೂಟ ಕೆಲಸ ಮಾಡುವುದೂ ಹೀಗೆಯೇ. ಒಬ್ಬರು ಒಂದು ಮಾತು ಎತ್ತುತ್ತಾರೆ: "ಮೂರು ತಿಂಗಳಾತು, ನಿದ್ದಿ ಇಲ್ಲ. ಯಾರೋ ಬೈದಂಗ ಕೇಳಸ್ತದ." ಸಲಹೆ ಕೊಡುವ ಮೊದಲು ಇನ್ನೊಬ್ಬರು ಆ ಮಾತನ್ನು ಎತ್ತಿಕೊಳ್ಳುತ್ತಾರೆ: "ನನಗೂ ಕೇಳಸ್ತಿತ್ತು ಯಕ್ಕಾ. ನಾ ಗುಳಿಗಿ ತಗೊಂಡೆ, ಆಮ್ಯಾಲ ಕಡಿಮಿ ಆತು. ಇನ್ನಾ ಒಂದೊಂದ ದಿನ ಕೇಳಸ್ತದ." ಗುಳಿಗೆ ತೆಗೆದುಕೊಳ್ಳಿರೆಂದು ವೈದ್ಯರು ಹತ್ತು ಸಲ ಹೇಳುವುದಕ್ಕೂ ಈ ಒಂದು ಮಾತಿಗೂ ಇರುವ ಅಂತರವನ್ನು ರಂಗದ ಮೇಲೆ ತೋರಿಸಲು ದೊಡ್ಡ ಸಜ್ಜಿಕೆ ಬೇಕಿಲ್ಲ. ಪಾತ್ರ ಹೇಳಿದ್ದನ್ನು ಹಿಮ್ಮೇಳ ಎತ್ತಿಕೊಂಡು ಹಾಡಿದರೆ ಸಾಕು. ಯಕ್ಷಪ್ರಶ್ನೆ ಕೇಳುವ ಸಾರಥಿಯೇ ಈ ನಾಟಕದಲ್ಲಿ ಹಿಂದೆ ಕಾಯಿಲೆ ಉಂಡವನಾಗಿರಬಹುದು. "ಯಾರು ನೀವು?" ಎಂಬ ಅವನ ಪ್ರಶ್ನೆಗೆ ಆಗ ಬೇರೆಯದೇ ತೂಕ ಬರುತ್ತದೆ.

ಪ್ರೇಕ್ಷಕರನ್ನು ಒಳಗೊಳ್ಳುವ ದಾರಿಯೂ ಉಂಟು. ಬ್ರೆಜಿಲ್‌ನ ಅಗುಸ್ತೊ ಬೋಆಲ್ ರೂಪಿಸಿದ 'ಫೋರಂ ಥಿಯೇಟರ್'ನಲ್ಲಿ ನಾಟಕವನ್ನು ಒಮ್ಮೆ ಕೊನೆಯವರೆಗೆ ಆಡಿ, ಮತ್ತೆ ಮೊದಲಿನಿಂದ ಆಡುತ್ತಾರೆ. ಎರಡನೆಯ ಸಲ ಪ್ರೇಕ್ಷಕರಲ್ಲಿ ಯಾರಾದರೂ "ತಡೆಯಿರಿ" ಎಂದು ಎದ್ದುಬಂದು, ನಟನ ಜಾಗದಲ್ಲಿ ನಿಂತು, ತಾವಾದರೆ ಏನು ಮಾಡುತ್ತಿದ್ದೆವೆಂದು ಆಡಿ ತೋರಿಸಬಹುದು. ಸೊಸೆ ಮಂಕಾಗಿ ಮೂಲೆ ಹಿಡಿದಾಗ ಅತ್ತೆ ಆಡಿದ ಮಾತನ್ನು ಊರಿನ ಇನ್ನೊಬ್ಬ ಅತ್ತೆ ಬದಲಿಸಿ ಆಡಬಹುದು. 1979ರ ಸಮುದಾಯ ಜಾಥಾ, 1990ರ ದಶಕದ ಸಾಕ್ಷರತಾ ಆಂದೋಲನಗಳಿಂದ ಬೀದಿನಾಟಕ, ಕಲಾಜಾಥಾಗಳಿಗೆ ಒಗ್ಗಿಕೊಂಡ ಕನ್ನಡದ ಹಳ್ಳಿಗಳಿಗೆ ಇದು ಅಪರಿಚಿತವೆನಿಸದು.

ಆದರೆ ಕೆಲವು ಗೆರೆಗಳನ್ನು ದಾಟಬಾರದು. 19ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ ಬಳಿಯ ಶಾರಾಂತೋಂ ಹುಚ್ಚಾಸ್ಪತ್ರೆಯಲ್ಲಿ ಬಂಧಿಯಾಗಿದ್ದ ಮಾರ್ಕಿಸ್ ದ ಸಾದ್ ರೋಗಿಗಳಿಂದ ನಾಟಕಗಳನ್ನು ಆಡಿಸುತ್ತಿದ್ದ. ಚಿಕಿತ್ಸೆಯೆಂದು ಶುರುವಾದ ಈ ಆಟಗಳನ್ನು ನೋಡಲು ನಗರದ ಸಿರಿವಂತರು ಬಂದು ಸೇರುತ್ತಿದ್ದರು. ಅವರು ನೋಡಬಂದದ್ದು ನಾಟಕವನ್ನೋ ಹುಚ್ಚರನ್ನೋ ಎಂಬ ಪ್ರಶ್ನೆ ಎದ್ದು, 1813ರಲ್ಲಿ ಆಟಗಳು ನಿಂತವು. ಕಾಯಿಲೆ ಉಂಡವರನ್ನು ರಂಗಕ್ಕೆ ತಂದಾಗಲೆಲ್ಲ ಈ ಪ್ರಶ್ನೆ ಮರಳಿ ಬರುತ್ತದೆ. ತಮ್ಮ ಕಥೆಯಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ಮುಚ್ಚಿಡಬೇಕು, ತಾವೇ ಆಡಬೇಕೋ ಬೇರೆಯವರು ಆಡಲೋ ಎಂಬುದನ್ನು ಅವರೇ ತೀರ್ಮಾನಿಸಬೇಕು. ಊರಿನ ಒಂದು ಮನೆಯನ್ನು ಪ್ರೇಕ್ಷಕರು ಗುರುತಿಸುವಂತೆ ಕಥೆ ಹೆಣೆಯಬಾರದು. ಹೊಡೆತದ ದೃಶ್ಯ ರೋಚಕವಾದರೆ ಅದು ಹೊಡೆತದ ಪಾಠವಾಗುತ್ತದೆ. ಕೊನೆಯ ದೃಶ್ಯದಲ್ಲಿ ಒಂದು ಗುಳಿಗೆಯಿಂದ ಎಲ್ಲ ಸರಿಹೋಗುವ ನಾಟಕವೂ ಸುಳ್ಳೇ. ಅದನ್ನು ನಂಬಿದವರು ಎರಡನೆಯ ತಿಂಗಳು ಗುಳಿಗೆ ಬಿಟ್ಟು ಮತ್ತೆ ಮಾಟ ತೆಗೆಯುವವನ ಮನೆ ಹುಡುಕುತ್ತಾರೆ.

ಆಟ ಮುಗಿದ ಮೇಲಿನ ಹೊತ್ತು ಆಟದಷ್ಟೇ ಮುಖ್ಯ. ಗ್ಯಾಸ್‌ಲೈಟ್ ಕಾಲದಿಂದಲೂ ನಾಟಕ ಬಿಟ್ಟ ಮೇಲೆ ಜನ ಕಟ್ಟೆಯ ಮೇಲೆ ಕೂತು ಮಾತಾಡುವುದು ಈ ಸೀಮೆಯ ರೂಢಿ. ಆ ಹೊತ್ತಿನಲ್ಲಿ ಒಬ್ಬ ಆಶಾ ಕಾರ್ಯಕರ್ತೆ ಮತ್ತು ಕಾಯಿಲೆಯಿಂದ ಚೇತರಿಸಿಕೊಂಡ ಒಬ್ಬರು ಅಲ್ಲಿದ್ದು, ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ದಿನ ಯಾರನ್ನು ಕಾಣಬೇಕು ಎಂದು ಹೇಳುವಂತಿರಬೇಕು. ಕತ್ತಲಲ್ಲಿ ದೂರ ನಿಂತು ನಾಟಕ ನೋಡಿದ ಹೆಣ್ಣುಮಗಳೊಬ್ಬಳು ಹತ್ತಿರ ಬಂದು, "ನಮ್ಮ ಮನಿಯಾಗೂ ಹಿಂಗೇ ಒಬ್ಬರಿದ್ದಾರ" ಎಂದು ಮೆಲ್ಲಗೆ ಹೇಳಬಹುದು. ಬಹುಶಃ ಆ 'ಒಬ್ಬರು' ಅವಳೇ ಆಗಿರುತ್ತಾಳೆ. ಅವಳನ್ನು ಕೂಡಿಸಿಕೊಂಡು ಹೆಸರು ಕೇಳಿ, ಅವಳೇ ಹೇಳುವವರೆಗೆ ಕಾಯುವವರು ಆ ಕಟ್ಟೆಯ ಮೇಲೆ ಇದ್ದರೆ, ನಾಟಕ ತನ್ನ ಕೆಲಸ ಮಾಡಿದೆ ಎನ್ನಬಹುದು.